ಕೆಂಪಕ್ಷರದ ಪೊಟ್ಯಾಶಿಯಂ

ಮೂರು ತಿಂಗಳಿಂದ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಹೊಲಿಗೆ ಯಂತ್ರದ ಮುಂದೆ ಕೂತರೆ ತೂಕಡಿಕೆ. ವಯಸ್ಸು ನಲವತ್ತೆಂಟು, ಸ್ವಂತ ಹೊಲಿಗೆ ಅಂಗಡಿ. ಮಗಳ ಕಾಟ ತಾಳಲಾರದೆ ಒಂದು ಬೆಳಿಗ್ಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು.

ಮಧ್ಯಾಹ್ನದ ಹೊತ್ತಿಗೆ ವರದಿ ಮೊಬೈಲಿಗೆ ಬಂತು. ಮೂರು ಸಾಲು ಕೆಂಪಕ್ಷರದಲ್ಲಿದ್ದವು: ಹಿಮೋಗ್ಲೋಬಿನ್ ಕಡಿಮೆ, ಕೊಲೆಸ್ಟ್ರಾಲ್ ತುಸು ಹೆಚ್ಚು, ಪೊಟ್ಯಾಶಿಯಂ 6.7. ಕೊನೆಯದು ಏನೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದಳು. ‘ಹೃದಯ ಏಕಾಏಕಿ ನಿಲ್ಲಬಹುದು’ ಎಂದಿತ್ತು. ಅಕ್ಕ ತಕ್ಷಣ ಮಗಳಿಗೆ ಫೋನು ಹಚ್ಚಿದಳು.

ಮಗಳ ಫೋನು ಆಫ್. ಉಳಿದವಳು ತಂಗಿ. ಅವಳೊಡನೆ ಮಾತು ಬಿಟ್ಟು ನಾಲ್ಕು ವರ್ಷ. ಅಕ್ಕ ತನಗೆ ಹೊಲಿದುಕೊಟ್ಟ ಅಂಗಿಯ ತೋಳು ಸೊಟ್ಟ ಎಂದು ಗಿರಾಕಿಗಳ ಎದುರಿಗೇ ತಂಗಿ ಅಂದಿದ್ದಳು, ಅಷ್ಟಕ್ಕೇ.

“ನಾನು ಕಣೇ, ನಿನ್ನಕ್ಕ. ಪೊಟ್ಯಾಶಿಯಂ ಜಾಸ್ತಿಯಾಗಿದೆಯಂತೆ, ಹೃದಯ ನಿಂತ್ಹೋಗತ್ತಂತೆ. ಹೋಗೋಕ್ ಮುಂಚೆ ಹೇಳ್ಬಿಡ್ತೀನಿ, ಆ ತೋಳು ಸೊಟ್ಟಗೇ ಇತ್ತು.”

ಆ ಕಡೆಯಿಂದ ತಂಗಿ ಗದರಿದಳು.

“ಬಾಯ್ಮುಚ್ಕೊಂಡು ಅಲ್ಲೇ ಕೂತಿರು. ಬಂದೆ.”

ತಂಗಿ ಶಾಲೆಯ ವ್ಯಾನ್ ಓಡಿಸುವವಳು. ಹತ್ತು ನಿಮಿಷದಲ್ಲಿ ಆ ಖಾಲಿ ವ್ಯಾನಿನಲ್ಲೇ ಅಕ್ಕನನ್ನು ಆಸ್ಪತ್ರೆಗೆ ಕರೆತಂದಳು.

ಡಾಕ್ಟರು ವರದಿಯನ್ನು ತುದಿಯವರೆಗೂ ಓದಿದರು. “ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ ನೋಡಿ, ರಕ್ತಕಣ ಒಡೆದಿವೆ ಅಂತ.”

“ಅಯ್ಯೋ, ನನ್ನ ರಕ್ತ ಒಡೆದ್ಹೋಗಿದೆಯಾ?”

“ಹಾಲು ಒಡೆದ ಹಾಗಲ್ಲಮ್ಮ! ಒಡೆದಿರೋದು ಟ್ಯೂಬಿನಲ್ಲಿ. ಪೊಟ್ಯಾಶಿಯಂ ಹೆಚ್ಚಾಗಿ ಇರೋದೇ ಕಣಗಳ ಒಳಗೆ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕಣ ಒಡೆದ್ರೆ ಅದು ಹೊರಗೆ ಚೆಲ್ಲಿ ಅಂಕಿ ಏರತ್ತೆ. ಹಾಗಂತ ನಾವೇ ಅಂದ್ಕೊಂಡು ಸುಮ್ಮನಿರೋ ಹಾಗಿಲ್ಲ. ಇಸಿಜಿ ತೆಗೆದು, ಈಗಲೇ ಇನ್ನೊಮ್ಮೆ ರಕ್ತ ನೋಡೋಣ.”

ಇಸಿಜಿ ಸರಿಯಿತ್ತು. ರಕ್ತದ ಫಲಿತಾಂಶಕ್ಕಾಗಿ ಇಬ್ಬರೂ ಬೆಂಚಿನ ಮೇಲೆ ಕಾದು ಕೂತರು.

“ಸಾಯ್ದೇ ಇದ್ರೆ ಒಪ್ಕೊಂಡಿದ್ದನ್ನ ವಾಪಸ್ ತಗೋತೀಯಾ?” ತಂಗಿ ಕೇಳಿದಳು.

“ತೋಳು ಸೊಟ್ಟಗಿತ್ತು, ನಿಜ. ಆದ್ರೆ ನಿನ್ನ ಭುಜವೇ ಸೊಟ್ಟ, ನಾನೇನ್ ಮಾಡ್ಲಿ?”

ಇಬ್ಬರೂ ನಕ್ಕ ನಗುವಿಗೆ ನರ್ಸ್ ಬಾಗಿಲಿಂದ ಇಣುಕಿ ನೋಡಿದಳು.

ಪೊಟ್ಯಾಶಿಯಂ 4.2 ಬಂತು, ಎಷ್ಟಿರಬೇಕೋ ಅಷ್ಟೇ. ಅಕ್ಕ ಎದ್ದು ಹೊರಡಲು ಅಣಿಯಾದಳು.

“ಕೂತ್ಕೊಳ್ಳಿ, ನಿಜವಾದ ಕಳ್ಳ ಇನ್ನೂ ಇಲ್ಲೇ ಇದ್ದಾನೆ,” ಎಂದರು ಡಾಕ್ಟರು. “ಹಿಮೋಗ್ಲೋಬಿನ್ ಒಂಬತ್ತೂವರೆ, ಕೆಂಪುಕಣಗಳೂ ಚಿಕ್ಕದಾಗಿವೆ. ಕಬ್ಬಿಣ ಸಾಲ್ತಿಲ್ಲ ಅನ್ಸತ್ತೆ. ನಿಮ್ಮ ಸುಸ್ತು, ಏದುಸಿರು ಎಲ್ಲ ಇದರಿಂದಲೇ. ಫೆರಿಟಿನ್ ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಅದನ್ನ ನೋಡಿದ್ರೆ ಖಚಿತ ಆಗತ್ತೆ. ರಕ್ತ ಎಲ್ಲಾದ್ರೂ ಹೋಗ್ತಿದೆಯಾ ಅಂತಲೂ ಹುಡುಕಬೇಕು.”

“ಕೊಲೆಸ್ಟ್ರಾಲು?”

“ಗೆರೆ ದಾಟಿದೆ, ಬೆಟ್ಟ ದಾಟಿಲ್ಲ. ದಿನಾ ನಡೀರಿ.”

ಫೆರಿಟಿನ್ ತಳ ಕಂಡಿತ್ತು. ತಿಂಗಳ ಸ್ರಾವ ವರ್ಷದಿಂದ ವಿಪರೀತವಾಗಿದ್ದರೂ ‘ಈ ವಯಸ್ಸಿಗೆ ಇದೆಲ್ಲ ಮಾಮೂಲು’ ಎಂದು ಅಕ್ಕ ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಚಿಕಿತ್ಸೆಯಾಯಿತು. ಕಬ್ಬಿಣದ ಮಾತ್ರೆ ನುಂಗಿ ಎರಡು ತಿಂಗಳಾಗುವಷ್ಟರಲ್ಲಿ ಹಿಮೋಗ್ಲೋಬಿನ್ ಹನ್ನೆರಡಕ್ಕೆ ಏರಿತು. ಅಕ್ಕ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತತೊಡಗಿದಳು.

ಎರಡು ತಿಂಗಳ ಆ ಪರೀಕ್ಷೆಯ ದಿನ ತಂಗಿಯೂ ತನ್ನ ರಕ್ತ ಪರೀಕ್ಷೆ ಮಾಡಿಸಲು ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತಳು. ನಲವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವವಳು, ಸೂಜಿ ಕಂಡದ್ದೇ ಕಣ್ಣು ಗಟ್ಟಿಯಾಗಿ ಮುಚ್ಚಿ, “ಅಕ್ಕಾ, ಕೈ ಹಿಡ್ಕೋ,” ಎಂದಳು. ಅಕ್ಕ ಹಿಡಿದುಕೊಂಡಳು.