ಬೆಣ್ಣೆ ಬಿಟ್ಟ ಆಣೆ

“ಖರೇ ಹೇಳ್ರಿ ಡಾಕ್ಟರ್, ಇವರು ಕದ್ದು ಬೆಣ್ಣಿ ತಿಂದಾರ ಹೌದಲ್ಲೋ?”

ಬಾಳವ್ವ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಗಂಡ ಶಂಭುಲಿಂಗಪ್ಪ, ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿದ್ದ. ಉಣಕಲ್ಲಿನಲ್ಲಿ ಇವರದೊಂದು ಖಾನಾವಳಿ. ಜೋಳದ ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ ಇಟ್ಟು ಬಡಿಸುವುದು ಅಲ್ಲಿಯ ರೂಢಿ. ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು ತಿಳಿದ ದಿನ, ಬೆಣ್ಣೆಯೆಂದರೆ ಪ್ರಾಣ ಬಿಡುವ ಈ ಮನುಷ್ಯ ಕೊರಳಲ್ಲಿಯ ಲಿಂಗ ಮುಟ್ಟಿ, ಇನ್ನು ಅದನ್ನು ತುಟಿಗೂ ಹಚ್ಚುವುದಿಲ್ಲ ಎಂದು ಆಣೆ ಮಾಡಿದ್ದ. ಕಳೆದ ವಾರ ಎರಡನೇ ರಿಪೋರ್ಟ್ ಬಂತು. ಅಂಕಿ ಇದ್ದಲ್ಲೇ ಇತ್ತು.

ಬೆಣ್ಣೆ ಜೀರ್ಣವಾದೀತು, ಲಿಂಗ ಮುಟ್ಟಿ ಹೇಳಿದ ಸುಳ್ಳು ಜೀರ್ಣವಾದೀತೆ ಎಂಬುದು ಬಾಳವ್ವನ ಸಂಕಟ. ಗಿರಾಕಿಗಳೆಲ್ಲ ಎದ್ದ ಮೇಲೆ ಒಂದೇ ತಾಟಿನಲ್ಲಿ ಉಣ್ಣುತ್ತ ಬಂದ ಜೋಡಿ ಅದು. ಆ ರಿಪೋರ್ಟ್ ಬಂದ ದಿನದಿಂದ ಅವಳು ಬೇರೆ ತಾಟು ಹಾಕಿಕೊಂಡಳು. ಬೆಣ್ಣೆಯಿಲ್ಲದ ರೊಟ್ಟಿ ಹೇಗೋ ಗಂಟಲಲ್ಲಿ ಇಳಿಯುತ್ತಿತ್ತು. ಹೆಂಡತಿಯಿಲ್ಲದ ಊಟ ಶಂಭುಲಿಂಗಪ್ಪನಿಗೆ ಇಳಿಯಲಿಲ್ಲ.

ಡಾಕ್ಟರ್ ಹುಮಾ ನಕ್ಕುಬಿಟ್ಟರು. “ಅವ್ವಾರ, ಮೈಯಾಗಿನ ಕೊಲೆಸ್ಟ್ರಾಲ್ ಬಹಳಷ್ಟು ನಮ್ಮ ಲಿವರ್ರೇ ಮಾಡ್ತೈತ್ರಿ. ಹೊರಗಿಂದ ಬರೂದು ಕಡಿಮಿ ಆದ್ರ ಒಳಗ ಜಾಸ್ತಿ ಮಾಡ್ತೈತಿ. ಕೆಲವರ ಲಿವರ್ ಹುಟ್ಟಿದಾಗಿಂದನ ಸ್ವಲ್ಪ ಹೆಚ್ಚಿನ ಉಮೇದಿಂದು.”

ಬಾಳವ್ವ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಅಂದ್ರ, ಬೆಂಗೇರಿಯಿಂದ ರೊಟ್ಟಿ ತಂದು ಹಾಕೂ ಹೆಣ್ಮಕ್ಕಳು ಬರದ ದಿನ ನಾನ ಒಲಿ ಮುಂದ ಕುಂತು ಬಡೀತೇನಲ್ರಿ, ಹಂಗೇನ್ರಿ?”

“ಥೇಟ್ ಹಂಗ! ಇವರ ಲಿವರ್ ನಿಮಗಿಂತ ಚುರುಕ ಐತಿ, ಅಷ್ಟ.”

“ಹಂಗಾರ ಇವರು ತಿಂದಿಲ್ಲಾ?”

“ತಿನ್ನದಿದ್ರೂ ಹಿಂಗ ಆಗತೈತ್ರಿ. ಆದ್ರ ಬೆಣ್ಣಿ ಮತ್ತ ಶುರು ಮಾಡಬ್ಯಾಡ್ರಿ. ಅದರ ಕೊಬ್ಬಿನಿಂದ ಇನ್ನಷ್ಟು ಏರತೈತಿ. ಗುಳಿಗಿ ಬರದ ಕೊಡ್ತೇನಿ, ಇಳೀತೈತಿ.”

ಶಂಭುಲಿಂಗಪ್ಪ ಆಗ ತಲೆ ಎತ್ತಿದ. “ಕೇಳಿದೇನ? ಕಳ್ಳ ಒಳಗ ಕುಂತಾನ. ನನ್ನ ಹಿಡದು ತಂದಿ ನೀನು!”

ಬಾಳವ್ವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ತಪ್ಪಾತ್ರಿ,” ಎಂದಳು. ಡಾಕ್ಟರ ಎದುರಿಗೇ ಎಂದಳು.

ಅಂದು ಮಧ್ಯಾಹ್ನ ಖಾನಾವಳಿಗೆ ಬಂದವರ ಭಾಗ್ಯ ತೆರೆದಿತ್ತು. ಬಾಳವ್ವನ ಕೈಯಲ್ಲಿ ಬೆಣ್ಣೆಯ ಉಂಡೆಗಳಿಗೆ ಅಳತೆಯೇ ಇರಲಿಲ್ಲ.

“ಏನ್ ಹಬ್ಬ ಯವ್ವಾ ಇವತ್ತ?” ಎಂದ ದಿನವೂ ಉಣ್ಣಲು ಬರುವ ಅರ್ಜುನಪ್ಪ.

“ಸುಮ್ಮನ ಉಣ್ರೀ!” ಎಂದು ಅವನ ರೊಟ್ಟಿಗೆ ಇನ್ನೊಂದು ಉಂಡೆ ಇಟ್ಟಳು.

ಕೊನೆಯ ಗಿರಾಕಿ ಎದ್ದು ಹೋದ. ಶಂಭುಲಿಂಗಪ್ಪ ಬರಿಯ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಕೂತ, ಆದರೆ ಉಣ್ಣಲು ಶುರು ಮಾಡಲಿಲ್ಲ. ಬಾಳವ್ವ ಬೆಣ್ಣೆಯ ಕೈಯನ್ನು ಸೋಪು ಹಚ್ಚಿ ತೊಳೆದಳು, ಮೂಸಿ ನೋಡಿ ಮತ್ತೊಮ್ಮೆ ತೊಳೆದಳು. ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಅವನ ತಾಟಿನ ಆಚೆ ಬದಿಗೆ ಕೂತು, ಅದರಲ್ಲಿಯ ರೊಟ್ಟಿಯ ಅಂಚು ಮುರಿದಳು.