ಗಾರ್ಡ್ ಸಾಹೇಬರ ಜಲವಿಹಾರ

ನಮ್ಮ ಗಾರ್ಡ್ ಸಾಹೇಬರು ತಮಗೆ ಬೇಕಾದುದನ್ನು ಬಾಯಿಬಿಟ್ಟು ಕೇಳಿದವರಲ್ಲ. ಬಲಗೈಯನ್ನು ಬೆನ್ನ ಹಿಂದಕ್ಕೆ ಚಾಚುತ್ತಿದ್ದರು, ಅಷ್ಟೆ. ಕನ್ನಡಕವೋ ಕರವಸ್ತ್ರವೋ ನೀರಿನ ಲೋಟವೋ, ಆ ಹೊತ್ತಿಗೆ ಏನು ಬೇಕೋ ಅದು ಅಂಗೈಗೆ ಬಂದು ಕೂರುತ್ತಿತ್ತು. ಕೊಟ್ಟ ಕೈ ಯಾರದೆಂದು ಅವರು ತಿರುಗಿ ನೋಡಿದ್ದನ್ನು ಕಂಡವರಿಲ್ಲ. ನೋಡುವ ಅಗತ್ಯವಾದರೂ ಏನಿತ್ತು? ಹೆಂಡತಿ ಹಿಂದೆ ಇದ್ದೇ ಇರುತ್ತಿದ್ದಳು.

ವೃತ್ತಿಯಲ್ಲಿ ಮಾತ್ರ ಈ ಮನುಷ್ಯ ಇದಕ್ಕೆ ತದ್ವಿರುದ್ಧ. ರೈಲಿನ ಕಟ್ಟಕಡೆಯ ಡಬ್ಬಿಯ ಬಾಗಿಲಲ್ಲಿ ನಿಂತು, ಮುದುಕಿಯ ಗಂಟುಮೂಟೆ ಒಳಸೇರುವವರೆಗೆ, ನೀರು ಹಿಡಿಯಲು ಇಳಿದವನು ಓಡಿಬಂದು ಕಂಬಿ ಹಿಡಿಯುವವರೆಗೆ, ಪ್ಲಾಟ್‌ಫಾರ್ಮನ್ನು ಕಣ್ಣಲ್ಲೇ ಗುಡಿಸಿ, ಆಮೇಲಷ್ಟೇ ಹಸಿರು ಬಾವುಟ ಬೀಸುತ್ತಿದ್ದ ಕರ್ತವ್ಯನಿಷ್ಠರು ಅವರು. "ನನ್ನ ಗಾಡಿ ಯಾರನ್ನೂ ಬಿಟ್ಟು ಹೋಗಿಲ್ಲ" ಎಂಬುದು ಅವರ ನಿತ್ಯಜಪ. ಮಾತು ಎಲ್ಲಿಂದ ಹೊರಟರೂ ಆ ನಿಲ್ದಾಣಕ್ಕೇ ಬಂದು ನಿಲ್ಲುತ್ತಿತ್ತು. ನಿವೃತ್ತರಾದ ಮೇಲೂ ಹಿತ್ತಾಳೆ ಗುಂಡಿಯ ಕಪ್ಪು ಕೋಟನ್ನು ಬಿಡಲಿಲ್ಲ, ಅದರ ಜೇಬಿನಲ್ಲಿದ್ದ ಸೀಟಿ, ಬಾವುಟಗಳನ್ನೂ ಬಿಡಲಿಲ್ಲ. ಕೋಟಿನೊಳಗೆ ಬೆವರು ಧಾರಾಕಾರವಾಗಿ ಇಳಿಯುತ್ತಿದ್ದರೂ ಹೊರಗೆ ಠೀವಿಗೆ ಕೊರತೆಯಿರಲಿಲ್ಲ.

ಹೊಳೆಯ ಮೇಲೆ ತೇಲಿಕೊಂಡು ಹೋಗುವುದು ಹೆಂಡತಿಯ ಆಸೆ. ಅವಸರವಿಲ್ಲದ ಕಡೆಗೆ ಒಮ್ಮೆ ಹೋಗಿ ಬರೋಣವೆಂದು ಆಕೆ ಕೇಳಿದ್ದು ಸಂಸಾರದಲ್ಲಿ ಅದೊಂದೇ ಸಲವಿರಬೇಕು. ಅಂತೂ ಎರಡಂತಸ್ತಿನ ಲಾಂಚು ಹತ್ತಿದರು. ಹಗಲೆಲ್ಲ ಅದು ಬಸುರಿ ಹೆಜ್ಜೆಯಲ್ಲಿ ಸಾಗುವುದು, ದಡದ ಊರುಗಳಲ್ಲಿ ನಿಲ್ಲುವುದು, ಇಳಿದವರು ಅಂಗಡಿಬೀದಿ ಸುತ್ತಿ ಬಂದಮೇಲೆ ಮತ್ತೆ ಹೊರಡುವುದು. ಹೆಂಡತಿ ಕಂಬಿಗೆ ಗಲ್ಲವಿಟ್ಟು ನೀರು ನೋಡುತ್ತ ಕುಳಿತರೆ, ಸಾಹೇಬರಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಅವರ ಚಡಪಡಿಕೆಯನ್ನೂ ಕೋಟನ್ನೂ ಕಂಡ ಚಾಲಕ, ತಮಾಷೆಗೋ ಮರ್ಯಾದೆಗೋ, ಇನ್ನು ಮುಂದೆ ನೀವು ಸೀಟಿ ಊದಿದರೇನೇ ನಾನು ಹೊರಡುವುದು ಎಂದುಬಿಟ್ಟ. ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಅಲ್ಲಿಂದಾಚೆ ಪ್ರತಿ ಕಟ್ಟೆಯಲ್ಲೂ ಹತ್ತುವ ಹಲಗೆಯ ಬಳಿ ಅವರದೇ ದರ್ಬಾರು; ತಡವಾಗಿ ಬಂದವರಿಗೆ ಉಪದೇಶ ಬೇರೆ.

ಹಾಗೆ ನಿಂತ ಒಂದು ಊರಿನ ಕಟ್ಟೆಯ ಮೆಟ್ಟಿಲುಗಳು ಬಲು ಕಡಿದು. ಸುತ್ತಾಡಿ ಹಿಂತಿರುಗುವಾಗ ಹೆಂಡತಿ, ಮಂಡಿ ಹಿಡಿದುಕೊಂಡಿದೆ, ಈ ಬೆಂಚಿನ ಮೇಲೆ ಒಂದು ಗಳಿಗೆ ಕೂತು ಬರುತ್ತೇನೆ ಎಂದಳು. ಸಾಹೇಬರು ನಡೆಯುತ್ತಲೇ "ಹ್ಞೂಂ" ಎಂದರು. ಅದು ಕಿವಿಯನ್ನು ಕೇಳದೆ ನಾಲಿಗೆಯೇ ಕೊಟ್ಟುಬಿಡುವ, ಬಹುಕಾಲದ ಗಂಡಂದಿರಿಗೆಲ್ಲ ಸಿದ್ಧಿಸಿರುವ "ಹ್ಞೂಂ". ಆಮೇಲೆ ಹಲಗೆಯ ಬಳಿ ನಿಂತು, ಹೊಸ ಜೋಡಿಯನ್ನು, ಜಗಳಗಂಟಿ ಅಕ್ಕತಂಗಿಯರನ್ನು, ಏದುಸಿರು ಬಿಡುತ್ತಿದ್ದ ಕಂಟ್ರಾಕ್ಟರನ್ನು ಒಬ್ಬೊಬ್ಬರಾಗಿ ನೋಡಿ ಹತ್ತಿಸಿದರು. ತಾವೂ ಹತ್ತಿ, ಸೀಟಿ ಊದಿ, ಅಂದು ಉತ್ಸಾಹ ಹೆಚ್ಚಾಗಿ ಹಸಿರು ಬಾವುಟವನ್ನೂ ಬಿಚ್ಚಿ ಗಾಂಭೀರ್ಯದಿಂದ ಬೀಸಿದರು. ಮೇಲಂತಸ್ತಿನವರು ಚಪ್ಪಾಳೆ ತಟ್ಟಿದರು. ಲಾಂಚು ಹೊರಟಿತು.

ಹೊಳೆಯ ತಿರುವು ದಾಟಿದಾಗ ಗಾಳಿ ತಣ್ಣಗಾಯಿತು. ಮಫ್ಲರಿಗೆಂದು ಸಾಹೇಬರು ಕೈಯನ್ನು ಹಿಂದಕ್ಕೆ ಚಾಚಿದರು. ಏನೂ ಬರಲಿಲ್ಲ. ತುಸು ಮುನಿಸಿನಿಂದ ಬೆರಳಾಡಿಸಿದರು. ಎದುರಿಗೆ ಕುಳಿತಿದ್ದ ಹೊಸ ಮದುವಣಗಿತ್ತಿ ಅತ್ತಿತ್ತ ನೋಡಿ, "ನಿಮ್ಮನೆಯವರು ಎಲ್ಲಿ? ಕಾಣ್ತಾನೇ ಇಲ್ವಲ್ಲ" ಎಂದಳು.

ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಅವರಿಗೂ ಗೊತ್ತಿತ್ತು. ಅದು ತಮ್ಮ ಮೇಲೆಯೇ ಬಂದು ಬೀಳುವುದೆಂದು ಗೊತ್ತಿರಲಿಲ್ಲ. ಚಾಲಕನವರೆಗೆ ನಡೆದು ವಿಷಯ ಹೇಳಿದರು. ಯಾರೋ ಕಿಸಕ್ಕನೆ ನಕ್ಕರು. ಲಾಂಚು ಹಿಂದಿರುಗುವಷ್ಟೂ ಹೊತ್ತು ಅವರು ಯಾರ ಮುಖವನ್ನೂ ನೋಡಲಾರದೆ, ಪಕ್ಕದಲ್ಲೇ ನೀರಿದ್ದರೂ ನೆಲವೇ ಬಾಯಿಬಿಡಲೆಂದು ಬಯಸುತ್ತ ನಿಂತರು. ಎಲ್ಲರನ್ನೂ ನೋಡಿದ್ದೆ, ಅವಳನ್ನೊಬ್ಬಳನ್ನು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲವಲ್ಲ ಎಂಬುದು ನಗುವವರ ನಗೆಗಿಂತ ಹೆಚ್ಚು ಸುಡುತ್ತಿತ್ತು.

ಆಕೆ ಅದೇ ಬೆಂಚಿನ ಮೇಲಿದ್ದಳು. ಸಾಹೇಬರು ಮೆಟ್ಟಿಲು ಹತ್ತಿಹೋಗಿ, ಬೇರೆ ದಾರಿ ಕಾಣದೆ, ತಪ್ಪನ್ನು ಅವಳ ತಲೆಗೇ ಕಟ್ಟಲು ನೋಡಿದರು. "ಒಂದು ಸಲ ಕೂಗೋಕೆ ಏನಾಗಿತ್ತು ನಿಂಗೆ?"

ಲಾಂಚಿನವರಿಗೆ ಕೇಳಿಸದಂತೆ ಆಕೆ ದನಿ ತಗ್ಗಿಸಿದಳು. "ನೀವು ಬಾವುಟ ಬೀಸ್ತಾ ಇದ್ರಿ. ಎಲ್ಲಾ ನಿಮ್ಮನ್ನೇ ನೋಡ್ತಾ ಇದ್ರು. ಆಗ ನಾನು ಕೂಗಿದ್ರೆ ನಿಮ್ಮ ಮರ್ಯಾದೆ ಏನಾಗ್ತಿತ್ತು? ನೆನಪಾದಾಗ ಬರ್ತೀರಿ ಅಂತ ಕೂತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಈ ಮಾತಿಗೆ ಕಣ್ಣು ತುಂಬಿತು, ನೋಯುವ ಮಂಡಿಯ ಕಡೆ ನಿಂತು ತೋಳು ಹಿಡಿದು, ಹೇಗೆ ಹಿಡಿಯಬೇಕೆಂದು ತಿಳಿಯದೆ ತಡವರಿಸುತ್ತ ಇಳಿಸಿದರು.

ಊರ ಹೊಣೆಯನ್ನೆಲ್ಲ ಹೆಗಲಿಗೇರಿಸಿಕೊಂಡು ತಲೆಯೆತ್ತಿ ನಡೆಯುವವರ ಒಂದು ಕುಲವೇ ಇದೆ. ಕೈತಪ್ಪಿ ಹೋಗಬಹುದಾದವರನ್ನೆಲ್ಲ ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ, ಎಲ್ಲಿಗೂ ಹೋಗದವರನ್ನು ಮರೆಯುತ್ತಾರೆ. ತಮ್ಮ ಮರ್ಯಾದೆ ತಮ್ಮ ಸ್ವಂತ ಸಂಪಾದನೆಯೆಂದೇ ಅವರ ನಂಬಿಕೆ. ಅದರ ಬಹುಪಾಲು, ಕೂಗಬಹುದಾಗಿದ್ದೂ ಕೂಗದೆ ಕುಳಿತ ಯಾರೋ ಒಬ್ಬರ ದಾಕ್ಷಿಣ್ಯ.