ಸರಾಸರಿ ವೇಗ

ಆ ಪಾಠಕ್ಕೆ ಶರಣಮ್ಮನಿಗೆ ಐವತ್ತಕ್ಕೆ ನಲವತ್ತಾರು ಅಂಕ ಬಂತು. ಅವಳ ಬ್ಯಾಚಿನಲ್ಲಿ ಅಷ್ಟು ಅಂಕ ಇನ್ನಾರಿಗೂ ಬಂದಿರಲಿಲ್ಲ. ಜಯನಗರದ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ಗೆಳತಿಯರು ಅವಳ ಕೈ ಹಿಡಿದು ಕುಲುಕಿದರು, ಕಾಫಿ ಕೊಡಿಸು ಎಂದು ಪೀಡಿಸಿದರು. ಶರಣಮ್ಮ ನಕ್ಕಂತೆ ಮಾಡಿ, ನೀರು ಕುಡಿದು ಬರುವ ನೆಪ ಹೇಳಿ, ಹಿಂದಿನ ಗೇಟಿನಿಂದ ಮನೆಗೆ ಹೊರಟುಹೋದಳು.

ಅದು ೧೯೯೯ನೇ ಇಸವಿ. ಶರಣಮ್ಮ ಕೊಪ್ಪಳದ ಕಡೆಯವಳು. ಅವಳಪ್ಪ ತಿಪ್ಪಣ್ಣ ಅಲ್ಲಿನ ಸಂತೆ ಮಾರುಕಟ್ಟೆಯಲ್ಲಿ ಲಾರಿಗಳಿಗೆ ಚೀಲ ಹೊರುವ ಹಮಾಲಿ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರಗಳೆರಡರಲ್ಲೂ ಒಳ್ಳೆಯ ಅಂಕ ಪಡೆದ ಮಗಳನ್ನು ಮುಂದೆ ಏನು ಮಾಡುವುದೆಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಅವಳ ಲೆಕ್ಕದ ಮೇಷ್ಟ್ರು ಒಂದು ಅರ್ಜಿ ತಂದುಕೊಟ್ಟರು. ಬಡ ಮಕ್ಕಳನ್ನು ವಿಜ್ಞಾನ, ಗಣಿತದ ಶಿಕ್ಷಕರನ್ನಾಗಿ ತಯಾರು ಮಾಡಲು ಬೆಂಗಳೂರಿನ ಒಂದು ಟ್ರಸ್ಟು ಕೊಡುವ ವಿದ್ಯಾರ್ಥಿವೇತನ ಅದು. ಬಿ.ಎಸ್ಸಿ. ಮತ್ತು ಬಿ.ಎಡ್. ಸೇರಿ ನಾಲ್ಕು ವರ್ಷ. ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಅವರದೇ. ಪ್ರತಿವರ್ಷ ಮೊದಲ ದರ್ಜೆ ಉಳಿಸಿಕೊಳ್ಳಬೇಕು, ಅಷ್ಟೆ. ಸಂದರ್ಶನದಲ್ಲಿ ಯಾಕೆ ಟೀಚರ್ ಆಗಬೇಕು ಎಂದು ಕೇಳಿದ್ದಕ್ಕೆ ಶರಣಮ್ಮ, "ಹುಡುಗ್ರು ಹೆದರದೇ ಪ್ರಶ್ನೆ ಕೇಳೋವಂಥ ಟೀಚರ್ ಆಗ್ಬೇಕಂತ ಆಸೆ ಐತ್ರಿ" ಎಂದಿದ್ದಳು. ಕೂತಿದ್ದವರೆಲ್ಲ ತಲೆದೂಗಿದ್ದರು.

ಬಿಟಿಎಂ ಲೇಔಟಿನಲ್ಲಿ ಅಕ್ಕ ಪಾರವ್ವ ಮತ್ತು ಭಾವ ಬಾಡಿಗೆಗಿದ್ದ ಒಂದೂವರೆ ಕೋಣೆಯ ಮನೆಯೇ ಅವಳಿಗೆ ಹಾಸ್ಟೆಲು. ಮೂರು ವರ್ಷ ಹೇಗೋ ಕಳೆಯಿತು. ಕೊನೆಯ ವರ್ಷ ಆರು ವಾರ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಅವಳ ಪಾಲಿಗೆ ಗೊಟ್ಟಿಗೆರೆ ಆಚೆಗಿನ ಒಂದು ಸರ್ಕಾರಿ ಪ್ರೌಢಶಾಲೆ ಬಂತು, ಎಂಟನೇ ತರಗತಿ.

ಮೊದಲ ದಿನವೇ ಎಡವಟ್ಟಾಯಿತು. "ಎಲ್ಲಾರೂ ಹಲಗಿ ಕಡೆ ನೋಡ್ರಿ" ಎಂದಳು. ಹಿಂದಿನ ಬೆಂಚಿನಿಂದ ಯಾರೋ "ನೋಡ್ರೀ" ಎಂದು ರಾಗ ಎಳೆದರು. ಇಡೀ ಕ್ಲಾಸು ನಕ್ಕಿತು. ಅಂದು ಸಂಜೆ ಶರಣಮ್ಮ ಮನೆಯ ತಾರಸಿಯ ಮೇಲೆ, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು, "ನೋಡಿ, ಕೇಳಿ, ಬರ್ಕೊಳ್ಳಿ" ಎಂದು ಬಾಯಿಪಾಠ ಮಾಡಿದಳು. ಆಮೇಲೆ ತರಗತಿಯಲ್ಲಿ ಪ್ರತಿ ಮಾತನ್ನೂ ಅಳೆದು ಆಡತೊಡಗಿದಳು. ಮಕ್ಕಳು ನಗುವುದು ನಿಂತಿತು. ಅವಳ ಒಳಗಿನ ಅಳುಕು ಮಾತ್ರ ನಿಲ್ಲಲಿಲ್ಲ.

ಐದನೇ ವಾರ ವಿಮರ್ಶಾ ಪಾಠ. ಕಾಲೇಜಿನ ಉಪನ್ಯಾಸಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಕೊಡುವ ಪಾಠ ಅದು. ಬಂದವರು ಅನಂತರಾಮು ಸರ್. ಅವರು ಚರಿತ್ರೆಯವರು, ಆದರೆ ಪಾಠ ಮಾಡುವ ರೀತಿ ನೋಡುವುದಕ್ಕೆ ವಿಷಯ ಯಾವುದಾದರೇನು ಎಂಬುದು ಕಾಲೇಜಿನ ರೂಢಿ. "ಸುತ್ತಮುತ್ತಲಿನ ಉದಾಹರಣೆ ಕೊಡಮ್ಮ, ಪುಸ್ತಕದ್ದೇ ಒಪ್ಪಿಸಬೇಡ" ಎಂದು ಒಳಗೆ ಬರುವಾಗಲೇ ಹೇಳಿದರು.

ಪಾಠ ಸರಾಸರಿ ವೇಗದ್ದು. ಬರೆದು ತಂದಿದ್ದ ಲೆಕ್ಕ ಬಿಟ್ಟು ಶರಣಮ್ಮ ಅಲ್ಲಿಯೇ ಒಂದನ್ನು ಹೊಸೆದಳು. "ಒಂದು ಲಾರಿ ಲೋಡ್ ತುಂಬ್ಕೊಂಡು ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಒಂದೂರಿಗೆ ಹೋಗುತ್ತೆ. ಖಾಲಿ ಆಗಿ ಅದೇ ದಾರೀಲಿ ಮೂವತ್ತರ ವೇಗದಲ್ಲಿ ವಾಪಸ್ ಬರುತ್ತೆ. ಸರಾಸರಿ ಎಷ್ಟು? ಎರಡೂ ಕೂಡಿಸಿ, ಎರಡರಿಂದ ಭಾಗಿಸಿ. ಇಪ್ಪತ್ತೈದು." ಅನಂತರಾಮು ಮೆಚ್ಚುಗೆಯಿಂದ ಏನೋ ಗುರುತು ಹಾಕಿಕೊಂಡದ್ದು ಅವಳ ಕಣ್ಣಿಗೆ ಬಿತ್ತು.

ಎರಡನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅರ್ಪಿತ. ಎರಡು ಜಡೆಯ, ಸಣಕಲು ಹುಡುಗಿ.

"ಇಪ್ಪತ್ತೈದು ಬರಲ್ಲ ಮಿಸ್. ಲೋಡ್ ಇದ್ದಾಗ ಜಾಸ್ತಿ ಹೊತ್ತು ಓಡ್ಸಿರ್ತಾರಲ್ವಾ? ಅರವತ್ತು ಕಿಲೋಮೀಟರ್ ಅಂತ ಇಟ್ಕೊಳ್ಳಿ. ಹೋಗೋಕೆ ಮೂರು ಗಂಟೆ, ಬರೋಕೆ ಎರಡು. ಐದು ಗಂಟೇಲಿ ನೂರಿಪ್ಪತ್ತು. ಇಪ್ಪತ್ನಾಲ್ಕು ಮಿಸ್."

"ಅವರಪ್ಪ ಟೆಂಪೋ ಓಡಿಸ್ತಾರೆ ಮಿಸ್!" ಎಂದು ಪಕ್ಕದ ಹುಡುಗ ಕೂಗಿದ.

ಅರ್ಪಿತ 'ಐದು ಗಂಟೆ' ಎನ್ನುವ ಹೊತ್ತಿಗೇ ಶರಣಮ್ಮನಿಗೆ ಗೊತ್ತಾಗಿಹೋಗಿತ್ತು. ಹುಡುಗಿ ಹೇಳಿದ್ದೇ ಸರಿ. ಕೂಡಿಸಬೇಕಾದ್ದು ದೂರವನ್ನು, ಕಾಲವನ್ನು, ವೇಗವನ್ನಲ್ಲ. ಹಿಂದೆ ಅನಂತರಾಮು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ್ದರು. ತಪ್ಪಾಯಿತು ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ಪಾಠ ನಾನ್ ಮಾಡ್ಬೇಕೋ, ನೀನ್ ಮಾಡ್ತೀಯೋ? ಲಾರಿ ಓಡಿಸೋರ ಮನೆ ಲೆಕ್ಕ ಅಲ್ಲ ಇದು, ವಿಜ್ಞಾನ. ಸರಾಸರಿ ಅಂದ್ರೇನು ಅಂತ ಗೊತ್ತಿಲ್ದೆ ಮಧ್ಯೆ ಬಾಯಿ ಹಾಕ್ಬೇಡ. ಕೂತ್ಕೋ."

ಕ್ಲಾಸು ನಕ್ಕಿತು. ಅರ್ಪಿತ ಕೂತಳು. ಅವಳ ಕಿವಿಯ ತುದಿಗಳು ಕೆಂಪಾದದ್ದು ಬೋರ್ಡಿನ ಹತ್ತಿರದಿಂದಲೂ ಕಾಣಿಸುತ್ತಿತ್ತು. ಆಮೇಲೆ ತರಗತಿಯಲ್ಲಿ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ.

"ಕಂಟ್ರೋಲ್ ಸಖತ್ತಾಗಿದೆಯಮ್ಮ" ಎಂದರು ಅನಂತರಾಮು, ಹೊರಗೆ ಬಂದ ಮೇಲೆ. "ಕೆಲವರು ಮಕ್ಕಳ ಮುಂದೆ ನಡುಗ್ತಾರೆ. ನೀನು ಹಿಡಿತ ಬಿಡಲಿಲ್ಲ. ನಾಳೆ ಹೋಮ್‌ವರ್ಕ್ ಪುಸ್ತಕ ತಿದ್ದಿಟ್ಟಿರು, ಅದನ್ನೂ ನೋಡ್ತೀನಿ."

ಹೋಮ್‌ವರ್ಕ್ ಅಂದೇ ಕೊಟ್ಟಾಗಿತ್ತು. ಅಂಥದ್ದೇ ಲೆಕ್ಕ: ಹೋಗುವಾಗ ನಲವತ್ತು, ಬರುವಾಗ ಅರವತ್ತು. ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಶರಣಮ್ಮ ಪುಸ್ತಕಗಳನ್ನು ತೆರೆದಳು. ಎಲ್ಲರದೂ ಐವತ್ತು. ಒಬ್ಬರದನ್ನೊಬ್ಬರು ನೋಡಿ ಬರೆದಂತೆ, ಅವಳು ಹೇಳಿಕೊಟ್ಟಂತೆಯೇ ಐವತ್ತು. ಸುಮಾರು ಅರ್ಧ ಮುಗಿದ ಮೇಲೆ ಅರ್ಪಿತಳ ಪುಸ್ತಕ ಬಂತು. ಪುಟದ ತುಂಬ ದೂರ, ಕಾಲ, ಭಾಗಾಕಾರ ಎಲ್ಲವನ್ನೂ ಹಂತಹಂತವಾಗಿ ಬರೆದು ಕೊನೆಗೆ ನಲವತ್ತೆಂಟು ಎಂದಿತ್ತು. ಅದೆಲ್ಲದರ ಮೇಲೆ ಅಡಿಪಟ್ಟಿ ಇಟ್ಟು ನೀಟಾಗಿ ಒಂದು ಅಡ್ಡಗೆರೆ ಎಳೆದು, ಕೆಳಗೆ 'ಉತ್ತರ: ಐವತ್ತು' ಎಂದು ಬರೆದಿದ್ದಳು.

ಶರಣಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿದಳು. ನಿನ್ನೆ ಆಡಿದ್ದು ಗಾಬರಿಯಲ್ಲಿ ಆಡಿದ ಮಾತು ಎಂದು ರಾತ್ರಿಯಿಡೀ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಗಾಬರಿಯಿರಲಿಲ್ಲ, ಎದುರಿಗೆ ಯಾರೂ ಇರಲಿಲ್ಲ. ಕಾರಿಡಾರಿನಲ್ಲಿ ಅನಂತರಾಮು ಸರ್ ಹೆಡ್‌ಮಿಸ್ಟ್ರೆಸ್ ಜೊತೆ ಮಾತಾಡುತ್ತ ಬರುವುದು ಮಾತ್ರ ಕೇಳಿಸುತ್ತಿತ್ತು. ಒಬ್ಬಳದನ್ನು ಬೇರೆಯಾಗಿ ತಿದ್ದಿದರೆ ಅವರು ಕೇಳುತ್ತಾರೆ. ಹೇಳಿದರೆ ಅಂಕ ಹೋಗುತ್ತದೆ. ಅಂಕ ಹೋದರೆ ಮೊದಲ ದರ್ಜೆ ಹೋಗುತ್ತದೆ. ಅವಳು ಕೆಂಪು ಪೆನ್ನಿನಿಂದ ಐವತ್ತರ ಮುಂದೆ ರೈಟ್ ಹಾಕಿ, ಪುಸ್ತಕ ಮುಚ್ಚಿ, ಮುಂದಿನದನ್ನು ತೆಗೆದುಕೊಂಡಳು.

ಅವರು ಹೋದ ಮೇಲೆ ಹೇಳೋಣ ಎಂದುಕೊಂಡಳು. ಅವರು ಹೋದರು, ಗಂಟೆ ಹೊಡೆಯಿತು. ನಾಳೆ ಎಂದುಕೊಂಡಳು. ನಾಳೆಗೆ ಉಷ್ಣದ ಪಾಠ ಶುರುವಾಯಿತು. ಒಂದೊಂದು ದಿನ ಕಳೆದಂತೆ ಆ ಮಾತು ಎತ್ತುವುದು ಇನ್ನಷ್ಟು ಕಷ್ಟವಾಯಿತು. ಅರ್ಪಿತ ಮತ್ತೆ ಕೈ ಎತ್ತಲಿಲ್ಲ. ಕೇಳಿದರೆ ಎದ್ದು ನಿಂತು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೂರುತ್ತಿದ್ದಳು. ಕೊನೆಯ ದಿನ ಮಕ್ಕಳೆಲ್ಲ ಸೇರಿ ಶರಣಮ್ಮನಿಗೆ ಒಂದು ಪೆನ್ನು ಕೊಟ್ಟಾಗ, ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು.

ಅಂಕ ಪ್ರಕಟವಾದ ದಿನ ಪಾರವ್ವ ಶಾವಿಗೆ ಪಾಯಸ ಮಾಡಿದಳು. ಊರಿಗೆ ಫೋನು ಮಾಡಿ ಅಪ್ಪನನ್ನು ಪಕ್ಕದ ಅಂಗಡಿಗೆ ಕರೆಸಿದಳು. ತಿಪ್ಪಣ್ಣ ಫೋನಿನಲ್ಲಿ ಗಟ್ಟಿಯಾಗಿ, "ಲಾರಿ ಡ್ರೈವರ್‌ಗೋಳಿಗೆಲ್ಲಾ ಹೇಳೀನವ್ವಾ, ನನ್ ಮಗಳು ಬೆಂಗಳೂರಾಗ ಫಸ್ಟ್ ಬಂದಾಳಂತ" ಎಂದ. ಶರಣಮ್ಮ ರಿಸೀವರನ್ನು ಅಕ್ಕನ ಕೈಗೆ ಕೊಟ್ಟಳು. ಲಾರಿ ಓಡಿಸೋರ ಮನೆ ಲೆಕ್ಕ ಎಂದು ಹಂಗಿಸಿದ ನಾಲಿಗೆ ಇದೇ. ಆ ಮಾತು ಒಂದು ಹುಡುಗಿಯ ಅಪ್ಪನಿಗೆ ತಾಗಿದ್ದಲ್ಲದೆ ತನ್ನಪ್ಪನ ಬೆನ್ನಿನ ಮೇಲೂ ಬಿದ್ದಿದೆ, ಅವನಿಗೆ ಗೊತ್ತಿಲ್ಲ ಅಷ್ಟೆ.

"ಯಾಕವಾ, ಉಣವಲ್ಲಿ?" ಎಂದಳು ಪಾರವ್ವ, ಪಾಯಸ ಹಾಗೇ ಉಳಿದದ್ದನ್ನು ನೋಡಿ.

ಶರಣಮ್ಮ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಪಾರವ್ವ ಪೂರ್ತಿ ಕೇಳಿಸಿಕೊಂಡಳು. "ನನಗ ನಿನ್ನ ಲೆಕ್ಕ ತಿಳಿಯಂಗಿಲ್ಲ. ಆದ್ರ ಆ ಹುಡುಗಿ ನಮ್ಮನ್ಯಾಗ ಹುಟ್ಟಿದ್ರ ನೀ ಹಂಗ ಅಂತಿದ್ದೇನು?" ಎಂದು ಕೇಳಿ ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಶರಣಮ್ಮ ಅನಂತರಾಮು ಅವರ ಕೋಣೆಗೆ ಹೋಗಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅಂಕ ಕಡಿಮೆ ಮಾಡಿ ಎಂದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಮಾರ್ಕ್ಸ್ ಲಿಸ್ಟ್ ಯೂನಿವರ್ಸಿಟಿಗೆ ಹೋಗಿ ಆಯ್ತಮ್ಮ. ಈಗ ಅದನ್ನ ಕೆದಕಿದ್ರೆ ನಿನ್ನ ಸ್ಕಾಲರ್‌ಶಿಪ್ ಮಾತ್ರ ಅಲ್ಲ, ನನ್ನನ್ನೂ ಕೇಳ್ತಾರೆ. ಹಿಂದೆ ಕೂತು ಏನ್ರಿ ಮಾಡ್ತಿದ್ರಿ ಅಂತ." ಅವರು ಅವಳ ಮುಖ ನೋಡಲಿಲ್ಲ. "ಎಲ್ಲರೂ ಮಾಡ್ತಾರೆ ತಪ್ಪು. ಬಿಟ್ಬಿಡು."

ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಬಿಟ್ಬಿಡು ಎಂದದ್ದೇ ಭಾರವಾಯಿತು. ಡಿಸೆಂಬರಿನ ಒಂದು ಶನಿವಾರ, ಅಂಕದ ವಿಷಯ ಅಲ್ಲಿಗೇ ಬಿಟ್ಟು, ಅವಳು ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿದಳು.

ಹೆಡ್‌ಮಿಸ್ಟ್ರೆಸ್ ಲಕ್ಷ್ಮಿದೇವಮ್ಮ ವಿಷಯ ಕೇಳಿ ಅಚ್ಚರಿಪಟ್ಟರು. "ಇದಕ್ಕೋಸ್ಕರ ಬಂದ್ರಾ? ಹತ್ತು ನಿಮಿಷ ತಗೊಳ್ಳಿ, ಆಮೇಲೆ ಡ್ರಿಲ್ ಪೀರಿಯಡ್ ಇದೆ."

ಮಕ್ಕಳು ಹೋ ಎಂದು ಎದ್ದು ನಿಂತರು. ಶರಣಮ್ಮ ಬೋರ್ಡಿನ ಮೇಲೆ ಲಾರಿಯ ಲೆಕ್ಕವನ್ನು ಮತ್ತೆ ಬರೆದಳು. ಅಳೆದು ಆಡುವ ಮಾತು ಎಲ್ಲಿ ಹೋಯಿತೋ, ಊರಿನ ಮಾತೇ ಬಂತು.

"ನಾ ಅವತ್ತು ನಿಮಗ ತಪ್ಪು ಹೇಳಿಕೊಟ್ಟೆ. ಅರ್ಪಿತ ಹೇಳಿದ್ದು ಸರಿ ಇತ್ತು. ಆಕಿ ಹೇಳೂವಾಗ್ಲೇ ನನಗ ಗೊತ್ತಾಗಿತ್ತು. ಗೊತ್ತಿದ್ದೂ ಬೈದೆ. ಅವರಪ್ಪನ ಕೆಲಸ ಎತ್ತಿ ಆಡಿದೆ. ನಮ್ಮಪ್ಪನೂ ಲಾರಿಗೆ ಚೀಲ ಹೊರ್ತಾನ. ಅರ್ಪಿತಾ, ನನ್ನಿಂದ ತಪ್ಪಾತವಾ."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರು ಅರ್ಪಿತಳ ಕಡೆ ನೋಡಿದರು. ಅವಳು ಡೆಸ್ಕಿನ ಮೇಲಿನ ಗೀರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

ಗಂಟೆ ಹೊಡೆದು ಎಲ್ಲರೂ ಮೈದಾನಕ್ಕೆ ಓಡಿದ ಮೇಲೆ ಶರಣಮ್ಮ ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿದಳು.

"ಹೋಮ್‌ವರ್ಕ್‌ನಲ್ಲಿ ಸರಿಯಾಗಿ ಮಾಡಿ ಯಾಕೆ ಹೊಡೆದ್ಹಾಕಿದೆ? ನಿಂಗೂ ಡೌಟ್ ಬಂತಾ?"

"ಇಲ್ಲ ಮಿಸ್. ಗೊತ್ತಿತ್ತು."

"ಮತ್ತೆ?"

"ನೀವು ರೈಟ್ ಹಾಕಲ್ವಲ್ಲ ಮಿಸ್" ಎಂದಳು ಅರ್ಪಿತ, ಸುಲಭದ ಪ್ರಶ್ನೆಗೆ ಉತ್ತರ ಹೇಳುವವಳಂತೆ. "ಮಾರ್ಕ್ಸ್ ಬೇಕಿತ್ತು."

ಶರಣಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆರು ವಾರದಲ್ಲಿ ತಾನು ಕಲಿಸಿದ ಪಾಠಗಳಲ್ಲಿ ಈ ಹುಡುಗಿ ಪೂರ್ತಿಯಾಗಿ ಕಲಿತದ್ದು ಇದೊಂದೇ. ಅದೂ ತಾನು ಮಾಡಿದ ಹಾಗೆಯೇ. "ಆ ಪುಸ್ತಕ ಕೊಡ್ತೀಯಾ? ತಿದ್ದಿ ಕೊಡ್ತೀನಿ" ಎಂದಳು ಕೊನೆಗೆ.

"ಅದು ತುಂಬ್ಹೋಯ್ತು ಮಿಸ್. ಅಮ್ಮ ಹಳೇ ಪೇಪರ್‌ನವನಿಗೆ ಹಾಕ್ಬಿಟ್ರು." ಹುಡುಗಿ ಮೈದಾನದ ಕಡೆ ನೋಡಿದಳು. "ಹೋಗ್ಲಾ ಮಿಸ್? ಲೇಟಾದ್ರೆ ಪಿ.ಟಿ. ಸರ್ ಬೈತಾರೆ."

"ಹೋಗಮ್ಮ."

ಅವಳು ಜಡೆ ಹಾರಿಸುತ್ತ ಓಡಿದಳು. ಕ್ಷಮಿಸಿದಳೋ ಇಲ್ಲವೋ, ಕ್ಷಮಿಸುವಂಥದ್ದು ಏನೋ ಇದೆಯೆಂದು ಅವಳಿಗೆ ಅನಿಸಿತ್ತೋ ಇಲ್ಲವೋ, ಶರಣಮ್ಮನಿಗೆ ಗೊತ್ತಾಗಲಿಲ್ಲ. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಂದು ಹೋದವು. ಮೂರನೆಯದನ್ನು ಹತ್ತಿದಳು.

ನಾಲ್ಕನೇ ವರ್ಷದ ವಿದ್ಯಾರ್ಥಿವೇತನದ ಕೊನೆಯ ಕಂತು ಸಲೀಸಾಗಿ ಬಂತು. ಎರಡು ಸಾವಿರದ ಒಂದರಲ್ಲಿ ಅವಳಿಗೆ ಸರ್ಕಾರಿ ಕೆಲಸವೂ ಸಿಕ್ಕಿತು. ಮಡಿವಾಳದ ಹತ್ತಿರದ ಒಂದು ಶಾಲೆಯಲ್ಲಿ ಗಣಿತ, ವಿಜ್ಞಾನ ಎರಡೂ. ಒಳ್ಳೆಯ ಟೀಚರ್ ಎಂದೇ ಹೆಸರಾಯಿತು. ಇನ್‌ಸ್ಪೆಕ್ಷನ್ನಿಗೆ ಬಂದವರು ಪ್ರಶ್ನೆ ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ಉತ್ತರ ಹೇಳಿದರೆ ಅವರಿಗೆ ಬಹಳ ಸಂತೋಷವಾಗುತ್ತದೆ. ಶರಣಮ್ಮ ಅಂಥ ಹೊತ್ತಿನಲ್ಲಿ ಎರಡನೇ ಸಾಲಿನ ಕಡೆಗೊಮ್ಮೆ ನೋಡುತ್ತಾಳೆ, ಯಾರಾದರೂ ಬಾಯಿ ಮುಚ್ಚಿಕೊಂಡು ಕೂತಿದ್ದಾರೇನೋ ಎಂದು.